ನರದ ಟೀಚರಮ್ಮ

ನಮ್ಮ ಟೀಚರಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ಎರಡು ವರ್ಷ ನಾನು ಅವರ ಹಿಂದೆ ಬಿದ್ದು ಗೋಗರೆದದ್ದೇ ಒಂದು ಸುಳ್ಳಿಗೆ. ‘ನಿಮ್ಮ ಮಗಳು ನಡೀತಾಳೆ’ ಅಂತ ಒಂದು ಸಲ ಅಂದುಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿಯವನು ಅಂದ. ಎಣ್ಣೆ ಹಾಕಿ ನೀವುವವನು ಅಂದ. ಗೋಪಾಲಸ್ವಾಮಿ ಬೆಟ್ಟದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸೂ ನನ್ನ ಕೈ ಹಿಡಿದು ಅಂದಳು. ಅವರೆಲ್ಲ ಎಷ್ಟು ಅಂದರೂ ನನ್ನ ಹೊಟ್ಟೆಗೆ ಇಳಿಯಲಿಲ್ಲ. ನರದ ವಿಚಾರ ಗೊತ್ತಿದ್ದವರು ನಮ್ಮ ಬೀದಿಯಲ್ಲಿ ಅವರೊಬ್ಬರೇ. ಆ ಮಾತು ಅವರ ಬಾಯಿಂದ ಬರಬೇಕಿತ್ತು. ಬರಲಿಲ್ಲ. ಹೋದ ತಿಂಗಳು ಅವರೇ ಹೊರಟುಹೋದರು.

ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ಅವರ ಸಾಮಾನು ಅಂದರೆ ಒಂದು ಮಂಚ, ನಾಲ್ಕು ಪಾತ್ರೆ ಮತ್ತು ಎತ್ತಲು ಇಬ್ಬರು ಬೇಕಾಗುವಂಥ ರಟ್ಟಿನ ಪೆಟ್ಟಿಗೆಗಳು. ಪೆಟ್ಟಿಗೆ ತುಂಬ ಪುಸ್ತಕ. ಗಂಡ ಇಲ್ಲ, ಮಕ್ಕಳಿಲ್ಲ. ಕಡ್ಡಿಯಂಥ ಹೆಂಗಸು. ಕೂದಲು ಗಿಡ್ಡ. ಗಂಡಸರ ಗಡಿಯಾರ, ಅದೂ ಬಲಗೈಗೆ. ಕುರ್ಚಿ ಕೊಟ್ಟರೆ ಪೂರ್ತಿ ಕೂರುತ್ತಿರಲಿಲ್ಲ, ಬಸ್ಸು ಬಂದೇಬಿಟ್ಟಿತು ಅನ್ನುವ ಹಾಗೆ ತುದಿಯಲ್ಲಿ ಕೂರುವುದು. ಚಾಮರಾಜನಗರದ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ. ಊರೂ ಅದೇ, ಅಪ್ಪ ಕಟ್ಟಿಸಿದ ಮನೆಯೂ ಅಲ್ಲೇ ಇತ್ತು. ಆ ಮನೆಗೆ ಬೀಗ ಹಾಕಿ, ಇಲ್ಲಿ ಬಾಡಿಗೆ ಕೊಟ್ಟುಕೊಂಡು, ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತುವ ಹೆಂಗಸನ್ನು ಬೀದಿಯವರು ಏನಂದುಕೊಳ್ಳಬೇಕು? ‘ತಲೆ ತುಂಬಾ ಓದಿ ವಸಿ ಆಚೀಚೆ ಆಗದ ಕಣವ್ವ’ ಅಂದುಕೊಂಡೆವು.

ಅವರಿಗೆ ಒಂದು ಚಟ ಇತ್ತು. ಯಾರಾದರೂ ಇಂಥದ್ದು ತಿಂದರೆ ಇಂಥ ಕಾಯಿಲೆ ಹೋಗುತ್ತದೆ ಅಂದರೆ ಸಾಕು, ಗಡಿಯಾರದ ಗಾಜನ್ನು ಎರಡು ಬೆರಳಲ್ಲಿ ತಟ್ಟುತ್ತಾ ‘ಯಾರಿಗೆ?’ ಅನ್ನುವರು. ‘ಯಾರಿಗೆ ಹೋಯ್ತು? ಎಷ್ಟು ಜನಕ್ಕೆ? ಇಲಿಗಾ, ಮನುಷ್ಯರಿಗಾ?’

ಒಂದು ದಿನ ಸೊಪ್ಪಿನ ಸಿದ್ದಪ್ಪ ಬೀದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂಗುತ್ತಿದ್ದ. “ಕರಿಬೇವು ತಕ್ಕಳಿ ಟೀಚರಮ್ಮ, ಕೂದ್ಲು ಸೊಂಪಾಗಿ ಬೆಳೀತದ.”

“ಯಾರಿಗೆ?” ಅಂದರು ಇವರು.

ಸಿದ್ದಪ್ಪನ ತಲೆ ತಾಮ್ರದ ಚೊಂಬಿನ ಹಾಗಿತ್ತು. ಬೀದಿಯೆಲ್ಲ ನಕ್ಕಿತು. ಇವರು ನಗಲಿಲ್ಲ. ನಿಜವಾಗಿಯೂ ಉತ್ತರಕ್ಕೆ ಕಾಯುತ್ತಾ ನಿಂತಿದ್ದರು.

ನನಗಿಂತ ಏಳು ವರ್ಷ ಚಿಕ್ಕವರು, ನನ್ನನ್ನು ‘ಅಜ್ಜಿ’ ಅನ್ನುತ್ತಿದ್ದರು. ಮೊದಲ ವರ್ಷ ಆ ಸಿಟ್ಟಿಗೇ ನಾನು ಅವರ ಜೊತೆ ಹೆಚ್ಚು ಮಾತಾಡಲಿಲ್ಲ. ಆಮೇಲೆ ನನ್ನ ಮಗಳು ಬಿದ್ದಳು.

ಚೆಂಡು ಹೂವಿನ ಕಾಲ. ನಮ್ಮ ಕಡೆ ಹೊಲದಲ್ಲಿ ಹೂ ಬಿಡಿಸಿ, ಮೂಟೆ ಕಟ್ಟಿ, ಬಣ್ಣ ತೆಗೆಯುವ ಫ್ಯಾಕ್ಟರಿಗೆ ಗೂಡ್ಸ್ ಆಟೋದಲ್ಲಿ ಸಾಗಿಸುತ್ತಾರೆ. ಬಿಡಿಸಿದ ಹೆಂಗಸರು ಮೂಟೆಗಳ ಮೇಲೆಯೇ ಕೂತು ಬರುತ್ತಾರೆ. ಮೆತ್ತಗಿರುತ್ತದೆ, ಗಾಳಿ ಬರುತ್ತದೆ, ಯಾರಿಗೂ ಅದು ಹೆದರಿಕೆಯ ಜಾಗ ಅಂತ ಅನ್ನಿಸುವುದಿಲ್ಲ. ಆಟೋ ನನ್ನ ಅಳಿಯನದು. ಅವನೇ ಓಡಿಸುತ್ತಿದ್ದ, ನಾನು ಅವನ ಪಕ್ಕ ಮುಂದೆ ಕೂತಿದ್ದೆ, ಮಗಳು ಮಾದೇವಿ ಮೂಟೆಗಳ ಮೇಲೆ ಕೂತಿದ್ದಳು. ರಸ್ತೆಯ ಉಬ್ಬು ಹತ್ತಿ ಇಳಿಯುವಾಗ ಮೂಟೆ ಜಾರಿತು. ಮೂಟೆಗಿಂತ ಮೊದಲು ಅವಳು ಬಿದ್ದಳು.

ನಾನು ಓಡಿದೆ. ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿದೆ, ನೀರು ಕುಡಿಸಿದೆ. ಬಿದ್ದವರನ್ನು ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಮೊದಲ ಕೆಲಸ. “ಅವ್ವಾ, ಕಾಲು ಎಲ್ಲವ?” ಅಂದಳು ಮಾದೇವಿ. ಕಾಲು ಅವಳ ಮುಂದೆಯೇ ಇದ್ದವು, ಹಳದಿ ಹೂವಿನ ಮೇಲೆ ಚಾಚಿಕೊಂಡು.

ಮೈಸೂರಿನಲ್ಲಿ ಆಪರೇಷನ್ ಆಯಿತು, ಬೆನ್ನಿಗೆ ಕಂಬಿ ಹಾಕಿದರು. ಸೊಂಟದಿಂದ ಕೆಳಗೆ ಏನೂ ಇಲ್ಲ. ಮನೆಗೆ ಕಳಿಸಿದರು. ಮಾರನೆಯ ದಿನ ಟೀಚರಮ್ಮ ಕರೆಯದೆಯೇ ಬಂದರು. ಬಾಣಂತಿ ಮನೆಗೆ ಬಂದವರ ಹಾಗೆ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದರು. ‘ಅಯ್ಯೋ ಪಾಪ’ ಅನ್ನಲಿಲ್ಲ, ‘ಹೇಗಾಯ್ತು’ ಅನ್ನಲಿಲ್ಲ. ಮಾದೇವಿಯನ್ನು ಮಗ್ಗುಲಿಗೆ ತಿರುಗಿಸಿ, ಬಟ್ಟೆ ಸರಿಸಿ, ಅವಳ ಬೆನ್ನ ಕೆಳಗಿನ ಮೂಳೆಯ ಹತ್ತಿರ ಬಗ್ಗಿ ನೋಡಿದರು. ರೂಪಾಯಿ ಅಗಲ ಕೆಂಪಗಿತ್ತು.

“ಅಜ್ಜಿ, ಇದು ನೋಡಿದ್ರಾ?”

“ವಸಿ ಕೆಂಪಗಾಗದ. ಸೆಖೆಗೆ.”

“ಸೆಖೆಗಲ್ಲ. ಇವಳಿಗೆ ನೋವು ಗೊತ್ತಾಗಲ್ಲ, ಅದಕ್ಕೆ ತಾನೇ ಹೊರಳಲ್ಲ. ಎರಡು ಗಂಟೆಗೆ ಒಂದು ಸಲ ನೀವು ಹೊರಳಿಸಬೇಕು. ಹಗಲು ರಾತ್ರಿ. ನರದ ಕತೆ ಆಮೇಲೆ, ಮೊದಲು ಚರ್ಮ.”

ತಮ್ಮ ಗಡಿಯಾರ ಬಿಚ್ಚಿ ಮಾದೇವಿಯ ಮಂಚದ ಗೂಟಕ್ಕೆ ಕಟ್ಟಿ ಹೋದರು. ಆಮೇಲೆ ಅವರು ಗಡಿಯಾರ ಕಟ್ಟಿದ್ದು ನಾನು ನೋಡಲಿಲ್ಲ. ಬರಿ ಮಣಿಕಟ್ಟನ್ನೇ ತಟ್ಟಿಕೊಳ್ಳುತ್ತಿದ್ದರು.

ನರದ ಕತೆ ಆಮೇಲೆ ಬಂತು, ದಿನಕ್ಕಿಷ್ಟು. ನಮ್ಮ ಜಗಲಿಯ ಮೇಲೆ, ಕಡಲೆಕಾಯಿ ಸುಲಿಯುತ್ತಾ. ಚಾಮರಾಜನಗರಕ್ಕೆ ಬರುವ ಮುಂಚೆ ದೂರದ ಊರಿನ ಲ್ಯಾಬಿನಲ್ಲಿ ಹನ್ನೊಂದು ವರ್ಷ ಅವರು ಇಲಿಯ ಬೆನ್ನುಹುರಿಯನ್ನೇ ನೋಡಿದ್ದರಂತೆ. ತಮ್ಮ ಎಡಗೈಯ ತೋರುಬೆರಳು ತೋರಿಸಿದರು. ಗಾಜು ಒಡೆದು ನರ ಕತ್ತರಿಸಿತ್ತು, ತುದಿ ಮರಗಟ್ಟಿತ್ತು, ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಜುಮ್ಮೆಂದಿತು.

“ಕೈಯ ನರ ಬೆಳೀತದೆ ಅಜ್ಜಿ. ಅಲ್ಲಿ ಕಸ ಗುಡಿಸೋ ಜೀವಕೋಶ ಇವೆ, ದಾರಿ ಮಾಡಿಕೊಡ್ತವೆ. ಬೆನ್ನುಹುರಿಯಲ್ಲಿ ಕಸ ಹಾಗೇ ಬಿದ್ದಿರ್ತದೆ. ಆ ಕಸವೇ ಹೊಸ ನರದ ತುದಿಗೆ ‘ಬರಬೇಡ’ ಅಂತದೆ. ಅದರ ಮೇಲೆ, ಗಾಯ ಆದ ಜಾಗದಲ್ಲಿ ಪೊದೆ ಎದ್ದುಬಿಡ್ತದೆ. ಕಾಡಿಗೆ ಬೆಂಕಿ ಬಿದ್ದ ಮೇಲೆ ಲಂಟಾನ ಬರಲ್ವಾ, ಹಾಗೆ.”

“ಮಚ್ಚು ತಕ್ಕೊಂಡು ಸವರಿಬುಡಿ.”

“ಮಚ್ಚು ಇದೆ. ಒಂದು ಕಿಣ್ವ. ಆ ಪೊದೆಯ ಸಕ್ಕರೆಯ ಕೊಂಬೆಗಳನ್ನ ಸವರ್ತದೆ. ಇಲಿಯಲ್ಲಿ.”

‘ಇಲಿಯಲ್ಲಿ’ ಅನ್ನುವ ಆ ಒಂದು ಪದ ಕೇಳಿದರೆ ನನಗೆ ಇಲಿ ಜಾತಿಯ ಮೇಲೇ ಹೊಟ್ಟೆಕಿಚ್ಚು ಬರುತ್ತಿತ್ತು. ನಮ್ಮ ಅಟ್ಟದ ಮೇಲೆ ಓಡಾಡುವ ಇಲಿಗೆ ಎಷ್ಟು ಕೊಬ್ಬು ನೋಡಿ, ಬೆನ್ನು ಮುರಿದರೆ ಔಷಧಿಯಿದೆ.

ಪೊದೆ ಸವರಿದರೂ ಸಾಲದಂತೆ. ನರವೇ ಬೆಳೆಯಲು ಮನಸ್ಸು ಮಾಡಬೇಕಂತೆ. ‘ಬೆಳೆ’ ಅನ್ನುವ ಸುದ್ದಿ ನರದ ಒಳಗೆ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಬೇಕು. ಮದುವೆಗೆ ಕರೆಯುವವರು ಮನೆಮನೆಗೆ ಹೋಗಿ ಕುಂಕುಮ ಇಟ್ಟು ಬರುತ್ತಾರಲ್ಲ, ಹಾಗೆ ಒಂದು ಇನ್ನೊಂದಕ್ಕೆ ರಂಜಕದ ಬೊಟ್ಟು ಇಟ್ಟು ಎಬ್ಬಿಸುತ್ತದೆ. ಕೊನೆಯ ಮನೆ ತಲುಪಿದರೆ ಬೆಳವಣಿಗೆ ಶುರು. ಎಳೆಗೂಸಿನಲ್ಲಿ ಈ ಕರೆಯೋಲೆ ಹಗಲೂ ರಾತ್ರಿ ಓಡುತ್ತದೆ. ದೊಡ್ಡವರಾದ ಮೇಲೆ ಒಬ್ಬ ಯಜಮಾನ ದಾರಿಯಲ್ಲಿ ಕೂತುಕೊಂಡು ಇಟ್ಟ ಬೊಟ್ಟನ್ನೆಲ್ಲ ಅಳಿಸುತ್ತಾ ಹೋಗುತ್ತಾನೆ.

“ಯಾವನಂವ? ಅವನ ಮನೆ ಹಾಳಾಗ!” ಅಂದೆ.

“ನನ್ನ ಹನ್ನೊಂದು ವರ್ಷ ಅವನೇ ತಿಂದ ಅಜ್ಜಿ. ಇಲಿಯಲ್ಲಿ ಅವನನ್ನ ತೆಗೆದರೆ ನರ ಒಂದಿಷ್ಟು ಬೆಳೀತದೆ.”

“ಅಂಗಾರೆ ನಮ್ಮ ಮಾದೇವಿದೂ ತಗೀರಿ.”

“ಅವನು ಸುಮ್ಮನೆ ಕೂತಿಲ್ಲ. ಮೈಯಲ್ಲಿ ಬೇಡದ್ದು ಬೆಳೆಯದ ಹಾಗೆ ಕಾಯ್ತಾನೆ. ಅವನು ಹೋದ ಕಡೆ ಗಂಟು ಬೆಳೀತದೆ. ಕ್ಯಾನ್ಸರ್.”

ಹೀಗೆ ಒಂದು ಬಾಗಿಲು ತೆಗೆದು ತೋರಿಸಿ, ನಾನು ಕಾಲಿಡುವ ಹೊತ್ತಿಗೆ ಮುಚ್ಚಿಬಿಡುತ್ತಿದ್ದರು. ಆದರೂ ನಾನು ಬಿಡಲಿಲ್ಲ. ಅವರು ಪಾಠ ಮಾಡುವ ಹೊತ್ತಿನಲ್ಲಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ‘ಏನಾದ್ರೂ ಹೊಸದು ಬಂತಾ?’ ಅನ್ನುವೆ. ಬೇಸತ್ತು ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಫೋನಿನಲ್ಲಿ ಅಕ್ಷರ ಒತ್ತುವುದನ್ನು ಕಲಿಸಿದರು. ಮೊದಲು ಕಲಿತ ಮಾತು ‘ಬಂತಾ’. ಬೆಳಿಗ್ಗೆ ಕಳಿಸಿದರೆ ಮಧ್ಯಾಹ್ನ ಅವರ ಪಾಠ ಮುಗಿದ ಮೇಲೆ ಉತ್ತರ ಬರುತ್ತಿತ್ತು. ‘ಇಲ್ಲ.’ ಒಂದು ದಿನವೂ ತಪ್ಪಿಸಲಿಲ್ಲ. ‘ನೋಡೋಣ’ ಅಂತ ಒಂದು ದಿನವೂ ಬರೆಯಲಿಲ್ಲ.

ಒಂದು ಸಲ ಕೇಳಬಾರದ್ದನ್ನೂ ಕೇಳಿದೆ. ಮಾದೇವಿ ನಿದ್ದೆಯಲ್ಲಿದ್ದಾಗ, ಜಗಲಿಗೆ ಕರೆದು. “ನಾನು ಅವತ್ತು ಎತ್ತಿ ಕುಂಡ್ರಿಸಿದ್ನಲ್ಲ. ಅದಕ್ಕೇ ಆಯ್ತಾ ಟೀಚರಮ್ಮ?”

ಅವರು ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟರು. “ಬಿದ್ದ ಏಟಿಗೇ ಆಗಿರಬಹುದು. ಎತ್ತಿದ್ದಕ್ಕೆ ಹೆಚ್ಚಾಗಿರಲೂಬಹುದು. ಯಾರಿಗೂ ಗೊತ್ತಿಲ್ಲ.” ಆಮೇಲೆ ನನ್ನ ಮುಖ ನೋಡಿದರೋ ಏನೋ, ಅವಸರದಲ್ಲಿ ಸೇರಿಸಿದರು. “ಅವತ್ತು ನಾನಿದ್ದಿದ್ರೂ ಎತ್ತಿ ಕೂರಿಸ್ತಿದ್ದೆ.”

ಅದು ಸುಳ್ಳು. ಹೇಳುವಾಗ ಕಿವಿ ಕೆಂಪಾಗಿತ್ತು. ಇಷ್ಟು ಕೆಟ್ಟದಾಗಿ ಸುಳ್ಳು ಹೇಳುವವರನ್ನು ನಾನು ನೋಡಿಲ್ಲ. ನಾನು ಕೇಳಿದ ಸುಳ್ಳು ಕೊಡದೆ ಕೇಳದ್ದನ್ನು ಕೊಟ್ಟರಲ್ಲ ಅಂತ ಒಳಗೆ ಹೋಗಿ ಅತ್ತೆ.

ಇನ್ನೊಂದು ದಿನ ಮಾತಿಗೆ ಮಾತು ಬಂದು, ಲ್ಯಾಬಿನಲ್ಲಿ ಸಾಕುವ ಒಂದು ಪಟ್ಟೆ ಪಟ್ಟೆ ಮೀನಿನ ವಿಷಯ ಹೇಳಿದರು. ಕಿರುಬೆರಳಷ್ಟು ಇರುತ್ತದಂತೆ. ಅದರ ಬೆನ್ನುಹುರಿ ಕತ್ತರಿಸಿದರೆ ಕೆಲವು ವಾರದಲ್ಲಿ ತಾನೇ ಸೇತುವೆ ಕಟ್ಟಿಕೊಂಡು, ನರ ದಾಟಿ, ಮತ್ತೆ ಈಜುತ್ತದಂತೆ. “ಮೀನಿನಲ್ಲಿ ಪೊದೆ ಏಳಲ್ಲ ಅಜ್ಜಿ. ಅದರ ಜೀವಕೋಶವೇ ದಾರಿ ಕಟ್ತದೆ. ನಮಗೆ ಆ ಗುಟ್ಟು ಸಿಕ್ಕಿಲ್ಲ.”

ಗುಟ್ಟು ಅವರಿಗೆ ಸಿಗದಿದ್ದರೇನು, ಮೀನು ನನಗೆ ಸಿಗುತ್ತದಲ್ಲ.

ನಾವು ಲಿಂಗ ಕಟ್ಟಿಕೊಂಡ ಜನ. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಒಳಗೆ ತರುವುದಿಲ್ಲ. ಅಂಥವಳು ನಾನು ಮಾರನೆಯ ದಿನ ಮಧ್ಯಾಹ್ನ ಸೆರಗು ತಲೆ ಮೇಲೆ ಎಳೆದುಕೊಂಡು, ಊಟಿ ರಸ್ತೆಯಲ್ಲಿರುವ ಮಲಯಾಳಿಯ ಹೋಟೆಲಿನ ಹಿಂದಿನ ಬಾಗಿಲಿಗೆ ಹೋದೆ. ಲಾರಿಯವರು ಊಟ ಮಾಡುವ ಜಾಗ. ಹೋಟೆಲಿನವನು ನನ್ನ ಹಣೆಯ ವಿಭೂತಿ ನೋಡಿದ.

“ಅಮ್ಮಚ್ಚೀ, ಇದು ಮೀನ್. ಮೀನ್ ಕರಿ. ನಿಮ್ಗೆ ಆಗಾದು.”

“ನಂಗಲ್ಲ ಕಣಪ್ಪ. ನಾಯಿಗೆ.”

ಅವನು ಒಳ್ಳೆಯವನು. ನಾಯಿಗೆ ಅಂದಿದ್ದಕ್ಕೆ ಬರಿ ತಲೆ, ಮುಳ್ಳು, ಬಾಲ ಕಟ್ಟಿಕೊಟ್ಟ.

“ನಮ್ಮ ನಾಯಿ ತುಂಡು ಮಾತ್ರವ ತಿನ್ನದು,” ಅಂದೆ.

“ಓ! ದೊಡ್ಡ ಮನೆ ನಾಯಿ,” ಅಂತ ನಕ್ಕು ನಾಲ್ಕು ತುಂಡು ಹಾಕಿದ.

ಮನೆಗೆ ಬಂದು ಮಾದೇವಿಯ ಕೊರಳಿನ ಕರಡಿಗೆಯನ್ನು, ಅದರೊಳಗೆ ಲಿಂಗ ಇರುತ್ತದೆ, ಮೆಲ್ಲಗೆ ಅವಳ ಬೆನ್ನ ಕಡೆಗೆ ಸರಿಸಿದೆ. ಶಿವ ನೋಡದಿರಲಿ ಅಂತ. ನೋಡಿದರೂ ಅವನಿಗೇ ಗೊತ್ತಲ್ಲ, ಯಾಕೆ ಅಂತ. ಅನ್ನದಲ್ಲಿ ಕಲಸಿ ಬಾಯಿಗೆ ಹಿಡಿದೆ.

“ಏನವ್ವ ಇದು, ಒಂತರಾ ಗಬ್ಬು?”

“ಔಸ್ದಿ. ಮೂಗು ಮುಚ್ಕೊಂಡು ನುಂಗು.”

ಅವಳು ಕಣ್ಣು ಮುಚ್ಚಿ ನುಂಗಿದಳು. ಗೊತ್ತಾಗಿತ್ತು ಅವಳಿಗೆ. ನನಗಿಂತ ಹೆಚ್ಚು ಆಸೆ ಇದ್ದದ್ದು ಅವಳಿಗೆ ತಾನೆ. ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಅವಳಿಗೆ ಹೊಟ್ಟೆ ಕೆಟ್ಟಿತು. ಸೊಂಟದ ಕೆಳಗೆ ಹಿಡಿತವಿಲ್ಲದ ಹೆಂಗಸಿಗೆ ಹೊಟ್ಟೆ ಕೆಟ್ಟರೆ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ. ಮೂರು ಸಲ ಬಟ್ಟೆ ಬದಲಿಸುವ ಹೊತ್ತಿಗೆ ಟೀಚರಮ್ಮ ಬಂದರು, ನನ್ನ ಜೊತೆ ಕೂತು ತೊಳೆದರು. ತೊಳೆಯುತ್ತಾ ತಟ್ಟೆಯ ಅಂಚಿನಲ್ಲಿದ್ದ ಒಂದು ಮುಳ್ಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಅಜ್ಜಿ. ಇದೇನು?”

ನಾನು ಎಲ್ಲ ಹೇಳಿದೆ. ನಾಯಿ, ತುಂಡು, ಕರಡಿಗೆ, ಎಲ್ಲ.

ಅವರು ನಕ್ಕರು. ನಾನು ನೋಡಿದ್ದು ಅದೊಂದೇ ಸಲ. ಬಚ್ಚಲ ಗೋಡೆಗೆ ಒರಗಿ, ಒದ್ದೆ ಕೈಯಲ್ಲಿ ಮುಖ ಮುಚ್ಚಿಕೊಂಡು, ಹೆಗಲು ಕುಲುಕುವಂತೆ ನಕ್ಕರು. ಮಾದೇವಿಯೂ ಮಂಚದಿಂದ ನಕ್ಕಳು. ನಾನೂ ನಕ್ಕೆ. ನಾವಿಬ್ಬರು ನಿಲ್ಲಿಸಿದ ಮೇಲೂ ಅವರ ಹೆಗಲು ಕುಲುಕುತ್ತಲೇ ಇತ್ತು. ಆಗ ಗೊತ್ತಾಯಿತು ಅದು ನಗುವಲ್ಲ ಅಂತ.

ಆವತ್ತು ಬಚ್ಚಲ ಕಟ್ಟೆಯ ಮೇಲೆ ಕೂತು ತಮ್ಮನ ಕತೆ ಹೇಳಿದರು. ಚಾಮರಾಜನಗರದ ಆ ಬೀಗ ಹಾಕಿದ ಮನೆಯಲ್ಲಿ ಅವರ ತಮ್ಮ ಮಲಗಿದ್ದ. ಹುಣಸೆಮರದಿಂದ ಬಿದ್ದು ಬೆನ್ನು ಮುರಿದವನು. ಅವನಿಗಾಗಿಯೇ ಅವರು ನರದ ಓದಿಗೆ ಹೋದದ್ದು. ಹನ್ನೊಂದನೆಯ ವರ್ಷ, ಇಲಿಯಲ್ಲಿ ಒಂದು ಔಷಧಿ ಕೆಲಸ ಮಾಡುವ ಹಾಗೆ ಕಂಡಿತು. ಒಂದು ಸೀಸೆ ಕದ್ದು, ಫ್ಲಾಸ್ಕಿನಲ್ಲಿ ಐಸಿನ ನಡುವೆ ಇಟ್ಟುಕೊಂಡು, ಮಡಿಲಲ್ಲಿ ಹಿಡಿದು ಬಸ್ಸಿನಲ್ಲಿ ಊರಿಗೆ ಬಂದರು.

“ಸಿರಿಂಜಿಗೆ ತುಂಬಿದೆ ಅಜ್ಜಿ. ಅವನು ಬೋರಲು ಮಲಗಿ ‘ಚುಚ್ಚಕ್ಕ, ಚುಚ್ಚು’ ಅಂದ. ಸತ್ತರೂ ಚಿಂತೆ ಇಲ್ಲ ಚುಚ್ಚು ಅಂದ. ನನಗೆ ಇಲಿಗಳು ಕಣ್ಮುಂದೆ ಬಂದವು. ಚೆನ್ನಾಗಾದ ಇಲಿ ಅಲ್ಲ, ಉಳಿದವು. ಬಚ್ಚಲಿಗೆ ಹೋಗಿ ಸುರಿದುಬಿಟ್ಟೆ.”

“ಆಮೇಲೆ?”

“ಅವನಿಗೆ ಅಲ್ಲಾಡಿಸೋಕೆ ಬರ್ತಿದ್ದದ್ದು ತಲೆ, ಕೈ ಅಷ್ಟೇ. ತಲೆ ಗೋಡೆ ಕಡೆ ತಿರುಗಿಸಿಕೊಂಡ. ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ನಾನು ಲ್ಯಾಬಿಗೆ ವಾಪಸ್ ಹೋದೆ. ನಾಲ್ಕು ತಿಂಗಳಿಗೆ ಬೆನ್ನ ಹುಣ್ಣು ಕೀವಾಗಿ ಸತ್ತ. ನರಕ್ಕೆ ಸಾಯಲಿಲ್ಲ ಅಜ್ಜಿ ಅವನು. ಹೊರಳಿಸೋರಿಲ್ಲದೆ ಸತ್ತ. ನಾನು ಆಗ ಇಲಿ ಎಣಿಸ್ತಿದ್ದೆ.”

ಸುರಿದದ್ದು ಸರಿಯೋ ತಪ್ಪೋ ಅಂತ ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು. ‘ಯಾರಿಗೂ ಗೊತ್ತಿಲ್ಲ’ ಅನ್ನುತ್ತಿದ್ದರು.

ಅದಾದ ಮೇಲೆ ನಾನು ಅವರನ್ನು ಪೀಡಿಸುವುದು ನಿಲ್ಲಿಸಿದೆ ಅಂತ ಬರೆದರೆ ಚೆನ್ನಾಗಿರುತ್ತದೆ. ನಿಲ್ಲಿಸಲಿಲ್ಲ.

ಒಂದು ಬೆಳಿಗ್ಗೆ ಹೊರಳಿಸಲು ಹೊದಿಕೆ ತೆಗೆದಾಗ ಮಾದೇವಿಯ ಬಲಗಾಲು ಕುಣಿಯಿತು. ಕಣ್ಣಾರೆ ನೋಡಿದೆ. ಮೊಣಕಾಲು ಮಡಚಿ ಬಿಚ್ಚಿತು, ಪಾದ ಟಪಟಪ ಅಂತ ಬಡಿಯಿತು. ನಾನು ಕಿರುಚಿದ ಕಿರುಚಿಗೆ ಬೀದಿ ಸೇರಿತು. ಅಳಿಯ ಆಟೋದಿಂದ ಇಳಿದು ಓಡಿ ಬಂದ. ಅಪಘಾತದ ಮೇಲೆ ನಾಲ್ಕು ಮಾತು ಕೂಡಿಸಿ ಆಡದವನು, ಬಾಗಿಲಲ್ಲೇ ಕುಕ್ಕರಿಸಿ “ಸಿವನೇ, ಸಿವನೇ” ಅಂತ ಹಣೆ ಚಚ್ಚಿಕೊಂಡ. ತೆಂಗಿನಕಾಯಿ ಒಡೆದೆವು. ಶಾವಿಗೆ ಪಾಯಸ ಮಾಡಿ ಎಂಟು ಮನೆಗೆ ಹಂಚಿದೆ. ಸಂಜೆ ಬಸ್ಸಿಳಿದ ಟೀಚರಮ್ಮನನ್ನು ರಸ್ತೆಯಿಂದಲೇ ಕೈ ಹಿಡಿದು ಎಳೆದುಕೊಂಡು ಬಂದು, ಕೈಗೆ ಲೋಟ ಕೊಟ್ಟೆ.

“ಯಾರಿಗೆ ಅಂತ ಕೇಳ್ತೀರಲ್ಲ, ಈಗ ಕೇಳಿ. ನನ್ನ ಮಗಳಿಗೆ!”

ಅವರು ಪಾಯಸ ಪೂರ್ತಿ ಕುಡಿದರು. ನಿಧಾನವಾಗಿ, ತಳದ ಗೋಡಂಬಿಯನ್ನೂ ಬೆರಳಲ್ಲಿ ತೆಗೆದು ತಿಂದರು. ಈಗ ಯೋಚಿಸಿದರೆ, ನಮಗೆ ಅಷ್ಟು ಹೊತ್ತು ಹೆಚ್ಚು ಕೊಡುತ್ತಿದ್ದರು. ಆಮೇಲೆ ಮನೆಯ ಬೀಗದ ಕೈಯಿಂದ ಮಾದೇವಿಯ ಅಂಗಾಲು ಗೀರಿದರು. ಕಾಲು ಮತ್ತೆ ಕುಣಿಯಿತು.

“ನೋಡುದ್ರಾ!” ಅಂದೆ.

“ಮಾದೇವಿ, ಕಣ್ಣು ಮುಚ್ಚು. ಈಗ ಯಾವ ಬೆರಳು ಹಿಡಿದಿದ್ದೀನಿ ಹೇಳು.”

ಮಾದೇವಿ ಕಣ್ಣು ಮುಚ್ಚಿದಳು. ತುಟಿ ಕಚ್ಚಿ, ಇರುವ ಜೀವವನ್ನೆಲ್ಲ ಕೆಳಗೆ ಕಳಿಸುವವಳ ಹಾಗೆ ಉಸಿರು ಹಿಡಿದಳು.

“ಎಬ್ಬೆಟ್ಟು,” ಅಂದಳು. “ಎಬ್ಬೆಟ್ಟು ಕಣಕ್ಕ. ಗೊತ್ತಾಯ್ತದ.”

ಟೀಚರಮ್ಮನ ಎರಡೂ ಕೈ ಅವರ ಮಡಿಲಲ್ಲಿದ್ದವು. ಅವರು ಏನನ್ನೂ ಹಿಡಿದಿರಲಿಲ್ಲ.

ಆ ಕೋಣೆಯಲ್ಲಿ ಆರೇಳು ಜನ ಇದ್ದೆವು. ಮಾದೇವಿ ಕಣ್ಣು ಬಿಟ್ಟು, ನಮ್ಮ ಮುಖಗಳನ್ನು ನೋಡಿ, ಏನೂ ಕೇಳದೆ ಹೊದಿಕೆ ಎಳೆದುಕೊಂಡಳು. ಜಗಲಿಗೆ ಬಂದ ಮೇಲೆ ಟೀಚರಮ್ಮ ನನಗೊಬ್ಬಳಿಗೆ ಹೇಳಿದರು. ಮುರಿದ ಜಾಗದ ಕೆಳಗೆ ಬೆನ್ನುಹುರಿ ಸತ್ತಿಲ್ಲವಂತೆ, ತಲೆಯ ಮಾತು ಅಲ್ಲಿಗೆ ತಲುಪುವುದಿಲ್ಲ ಅಷ್ಟೆ. ಹಾಗಾಗಿ ಕಾಲು ತನ್ನಷ್ಟಕ್ಕೆ ತಾನು ಕುಣಿಯುತ್ತದೆ.

“ನಿಮ್ಮ ಬಾಯಿಗೆ ಉಳ ಬೀಳ,” ಅಂದೆ. ಅಂದದ್ದು ನಿಜ. “ಒಂದು ದಿನ, ಒಂದು ದಿನ ಕುಸಿಯಾಗಿರಕ್ಕೆ ಬುಡ್ನಿಲ್ಲ ನೀವು.”

ಅವರು ಲೋಟ ತೊಳೆದಿಟ್ಟು ಹೋದರು. ಮಾರನೆಯ ದಿನ ನಾನು ‘ಬಂತಾ’ ಅಂತ ಕಳಿಸಲಿಲ್ಲ. ಮಧ್ಯಾಹ್ನ ಅವರ ‘ಇಲ್ಲ’ ಬಂತು.

ಈ ವರ್ಷದ ಬೇಸಿಗೆಯಲ್ಲಿ ಅವರು ಮೊದಲಿಗಿಂತ ಒಣಗಿದರು. ಹೊಟ್ಟೆಯಲ್ಲಿ ಗಂಟು ಅಂದರು, ಸೊಪ್ಪಿನ ಬೆಲೆ ಹೇಳುವ ಹಾಗೆ. “ಆ ಯಜಮಾನ ಇದ್ದನಲ್ಲ ಅಜ್ಜಿ, ಬೊಟ್ಟು ಅಳಿಸೋನು? ನನ್ನೊಳಗೆ ಸತ್ತಿದ್ದಾನೋ ಏನೋ. ಬೇಕಾದ ಕಡೆ ಸಾಯಲ್ಲ ಅವನು.” ಕಾಲೇಜು ಬಿಟ್ಟು, ಚಾಮರಾಜನಗರದ ಮನೆಯ ಬೀಗ ತೆಗೆಸಿ, ತಮ್ಮ ಮಲಗಿದ್ದ ಕೋಣೆಯಲ್ಲೇ ಹೋಗಿ ಮಲಗಿದರು. ವರಸೆಯಲ್ಲಿ ಅತ್ತಿಗೆ ಆಗಬೇಕಾದವರೊಬ್ಬರು ನೋಡಿಕೊಳ್ಳಲು ಬಂದಿದ್ದರು.

ನೋಡಿಬರೋಣ ಅಂತ ಮಾದೇವಿಯೇ ಹಟ ಹಿಡಿದಳು. ಅಳಿಯ ಆಟೋದ ಹಿಂದೆ ಗಾಲಿಕುರ್ಚಿ ಏರಿಸಿ, ನಾಲ್ಕು ಕಡೆ ಹಗ್ಗ ಬಿಗಿದ. ಇರುವೆಗಿಂತ ನಿಧಾನವಾಗಿ ಓಡಿಸಿಕೊಂಡು ಹೋದ. ಟೀಚರಮ್ಮ ಚಾಪೆಯಷ್ಟು ತೆಳ್ಳಗಾಗಿದ್ದರು. ನಾನು ಕೈ ತೊಳೆದು ಬಂದು, ಏನೂ ಕೇಳದೆ ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ನೋಡಿದೆ. ಚೆನ್ನಾಗಿತ್ತು. ನನ್ನನ್ನು ನೋಡಿ, “ಪಾಸಾ?” ಅಂದರು.

“ಪಾಸು,” ಅಂದೆ.

ಆಗ ಮಾದೇವಿ ಕುರ್ಚಿಯ ಗಾಲಿಯನ್ನು ತಾನೇ ತಳ್ಳಿಕೊಂಡು ಮಂಚದ ಹತ್ತಿರ ಬಂದಳು. ಎರಡು ವರ್ಷದಲ್ಲಿ ನಾನು ಕೇಳಿದ್ದೆಲ್ಲ ಜಗಲಿಯಲ್ಲಿ, ಅವಳ ಕಿವಿಗೆ ಬೀಳದ ಹಾಗೆ. ಅವಳು ಒಂದು ಸಲವೂ ಕೇಳಿರಲಿಲ್ಲ.

“ಅಕ್ಕ, ನಾ ನಡೀತಿನಾ?”

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಟೀಚರಮ್ಮನ ಕಣ್ಣಿಗೆ ಕಾಣುವಂತೆ ಎರಡೂ ಕೈ ಮುಗಿದೆ. ಸಾಯುವ ಹೊತ್ತಲ್ಲಾದರೂ ಹೇಳಿ ತಾಯಿ, ನಿಮ್ಮ ಗಂಟೇನು ಹೋಗುತ್ತದೆ ಅಂತ ಕಣ್ಣಲ್ಲೇ ಕೇಳಿದೆ. ಅವರು ನನ್ನನ್ನು ನೋಡಿದರು, ನೋಡಲಿಲ್ಲ ಅಂತಲ್ಲ. ಆಮೇಲೆ ಅವಳನ್ನು ನೋಡಿದರು.

“ಇಲ್ಲ ಮಗಾ. ನಿನ್ನ ಕಾಲದಲ್ಲಿ ಬರಲ್ಲ ಅಂತ ಕಾಣ್ತದೆ. ಹುಡುಕೋರು ಹುಡುಕ್ತಾ ಅವರೆ. ನಿಂಗೆ ಸಿಕ್ಕಲ್ಲ.”

ನಾನು ಅವರಿಗೆ ಹೋಗಿಬರುತ್ತೇನೆ ಅಂತಲೂ ಹೇಳದೆ ಕುರ್ಚಿ ತಿರುಗಿಸಿಕೊಂಡು ಹೊರಗೆ ಬಂದೆ. ಆಟೋ ತೆರಕಣಾಂಬಿ ದಾಟುವವರೆಗೂ ಬೈದೆ. ಕಲ್ಲು ಅಂದೆ, ಕಟುಕಿ ಅಂದೆ.

“ಸುಮ್ನಿರವ್ವ,” ಅಂದಳು ಮಾದೇವಿ. “ಊರೆಲ್ಲ ನಿನ್ನ ಮಕ ನೋಡಿ ನನ್ನ ಕಾಲಿನ ವಿಸ್ಯ ಯೇಳ್ತಿದ್ರು. ಔರೊಬ್ರು ನನ್ನ ಮಕ ನೋಡಿ ಯೇಳುದ್ರು.”

ಅಷ್ಟು ಹೇಳಿ ಅತ್ತಳು. ಬಿದ್ದ ದಿನದಿಂದ ಅಳದವಳು. ಗುಂಡ್ಲುಪೇಟೆ ಬರುವವರೆಗೂ, ಬಾಯಿ ತೆಗೆದು, ದಾರಿಯ ಲಾರಿಯವರು ತಿರುಗಿ ನೋಡುವ ಹಾಗೆ ಅತ್ತಳು.

ಮೂರನೆಯ ದಿನ ಅವರ ಅತ್ತಿಗೆಯ ಫೋನ್ ಬಂತು. ಬರುವುದಿಲ್ಲ ಅಂದೆ ನಾನು. ಮಾದೇವಿ ಅಷ್ಟು ಹೊತ್ತಿಗೆ ತಲೆ ಬಾಚಿಕೊಂಡು ಗಂಡನನ್ನು ಕೂಗುತ್ತಿದ್ದಳು.

ಅಲ್ಲಿ ಹೋದರೆ ಗುಂಡಿ ತೋಡಿಲ್ಲ, ಸೌದೆ ತಂದಿಲ್ಲ. ಟೀಚರಮ್ಮ ತಮ್ಮ ದೇಹವನ್ನು ಡಾಕ್ಟರಿಕೆ ಓದುವ ಮಕ್ಕಳಿಗೆ ಬರೆದುಕೊಟ್ಟಿದ್ದರಂತೆ. ಬಾಗಿಲಲ್ಲಿ ಬಿಳಿ ವ್ಯಾನು ನಿಂತಿತ್ತು. ಅತ್ತಿಗೆ ಮೂಲೆಯಲ್ಲಿ ‘ಮಣ್ಣಿಲ್ಲ, ಬೆಂಕಿಯಿಲ್ಲ’ ಅಂತ ಗೊಣಗುತ್ತಾ ಕೂತಿದ್ದರು. ಡಾಕ್ಟರಿಕೆ ಕಾಲೇಜಿನಿಂದ ಬಂದವರಲ್ಲಿ ಒಬ್ಬ ಹುಡುಗಿ, ಬಿಳಿ ಕೋಟಿನವಳು, ಇನ್ನೂ ಕೆನ್ನೆಯ ಮೇಲೆ ಮೊಡವೆ ಇದ್ದವಳು, ಏನೋ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಸ್ಟ್ರೆಚರು ಹೊರಗೆ ಬಂತು. ನಾನು ಅವರ ಪಾದ ಮುಟ್ಟಿದೆ. ಕ್ಷಮಿಸಿ ಅಂತ ಅನ್ನಲು ಹೋದರೆ ‘ಯಾಕೆ ಹೇಳಿದಿರಿ, ಯಾಕೆ ಹೇಳಿದಿರಿ’ ಅಂತಲೇ ಬಾಯಿಗೆ ಬಂತು.

ಹುಡುಗಿ ವ್ಯಾನಿನ ಕಡೆ ಹೊರಟಾಗ ಮಾದೇವಿ ಕುರ್ಚಿಯಿಂದ ಕೈ ಚಾಚಿ ಅವಳ ಕೋಟಿನ ತುದಿ ಹಿಡಿದಳು.

“ಅಮ್ಮಿ, ನೀವು ಔರ ಬೆನ್ನುಹುರೀನೂವೆ ನೋಡ್ತೀರಾ?”

ಹುಡುಗಿ ಅವಳನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. “ನೋಡ್ತೀವಿ ಅಕ್ಕ.”

“ನೀನೂ ನೋಡ್ತಿಯಾ?”

“ನಮ್ಮ ಕ್ಲಾಸಿನವರು ಎಲ್ಲರೂ.”

ವ್ಯಾನಿನವನು ಹಾರನ್ ಒತ್ತಿದ. ಹುಡುಗಿ ಹೊರಡಲು ನೋಡಿದಳು. ಮಾದೇವಿ ಕೋಟು ಬಿಡಲಿಲ್ಲ.

“ವಸಿ ಬಿರ್ನೆ ಓದ್ಕಳಮ್ಮಿ,” ಅಂದಳು. “ಬಿರ್ನೆ ಓದ್ಕ.”